ತಿರುಗಿಸಬಾರದ ಕುಂಡ

ವ್ಲಾಸ್ತಾ ಮಲಗುವ ಕೋಣೆಯ ಕಿಟಕಿಕಟ್ಟೆಯ ಕೊನೆಯ ಕುಂಡಕ್ಕೆ ಕೈ ಹಾಕುವಷ್ಟರಲ್ಲಿ ಯಿಟ್ಕಾ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಇದೊಂದನ್ನ ಬಿಡಿ ಅತ್ತಿಗೆ."

"ಬಿಡಕ್ಕಾಗತ್ತಾ? ಯಜಮಾನ ಹೋದ ಅಂತ ಎಲ್ಲದಕ್ಕೂ ಹೇಳ್ಬೇಕು, ಹೇಳಿ ಒಂದ್ಸಲ ತಿರುಗಿಸಿ ಇಡ್ಬೇಕು. ಇಲ್ದಿದ್ರೆ ಅವನ ಹಿಂದೇನೇ ಹೋಗ್ತವೆ. ನಮ್ಮಪ್ಪ ಸತ್ತಾಗ ಜೇನುಗೂಡಿಗೆ ಹೇಳೋದು ಮರೆತು ಏನಾಯ್ತು ಅಂತ ಊರಿಗೇ ಗೊತ್ತು."

ಮುಂದಿನ ಕೋಣೆಯಲ್ಲಿ ವ್ಲಾಸ್ತಾಳ ತಮ್ಮ, ಯಿಟ್ಕಾಳ ಗಂಡ ಅಲೋಯ್ಸ್ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಗಡಿಯಾರ ನಿಲ್ಲಿಸಿ, ಕನ್ನಡಿಗೆ ಬಟ್ಟೆ ಹೊದಿಸಿ ಎರಡು ದಿನವಾಗಿತ್ತು. ಪೆಟ್ಟಿಗೆ ಹೊಸ್ತಿಲು ದಾಟುವುದರೊಳಗೆ ಮನೆಯ ಜೀವಗಳಿಗೆಲ್ಲ ಸುದ್ದಿ ಮುಟ್ಟಬೇಕೆಂಬುದು ಮೊರಾವಿಯಾದ ಆ ಕಡೆಯ ಹಳ್ಳಿಗಳ ಕಟ್ಟಳೆ.

ಯಿಟ್ಕಾ ಅಡ್ಡ ನಿಂತದ್ದು ಮುಷ್ಟಿಗಾತ್ರದ ಒಂದು ಕಳ್ಳಿಗಿಡಕ್ಕೆ. ಅದರ ಮುಳ್ಳುಗಳ ತುದಿ ಗಾಳದಂತೆ ಬಾಗಿತ್ತು. ಗಾಜಿನ ಕಡೆಯ ಮಗ್ಗುಲಲ್ಲಿ ಒಂದೇ ಒಂದು ಕೆಂಪು ಮೊಗ್ಗು. ಹದಿನೇಳು ವರ್ಷದಲ್ಲಿ ಅದೇ ಮೊದಲನೆಯದು.

ಟೋಪಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೈನೆಕ್ ಯಿಟ್ಕಾಳ ಪರ ವಹಿಸಿದ. ಅಲೋಯ್ಸ್ ಜೊತೆ ಊರೂರಿನ ಕಳ್ಳಿ ಪ್ರದರ್ಶನ ಸುತ್ತಿದವನು ಅವನು. ಮೊಗ್ಗು ಹೊತ್ತ ಗಿಡ ತಿರುಗಿಸಿದರೆ ಮೊಗ್ಗು ಒಣಗಿ ಉದುರುತ್ತದೆ ಎಂದ.

"ನಮ್ಮ ಮಾರಾಯ ಹೆಂಡ್ತಿ ಹುಟ್ಟಿದ ದಿನ ಮರೀತಿದ್ದ. ಇವು ಯಾವ ಕಡೆ ಮುಖ ಮಾಡಿವೆ ಅನ್ನೋದನ್ನ ಮಾತ್ರ ಮರೀತಿರ್ಲಿಲ್ಲ."

ವ್ಲಾಸ್ತಾ ಸ್ವಲ್ಪ ಹೊತ್ತು ಗೊಣಗಿ ಕೊನೆಗೆ ಸೋತಳು.

"ಸರಿ, ತಿರುಗಿಸ್ಬೇಡ. ಆದ್ರೆ ನಿನ್ನ ಬಾಯಿಂದ್ಲೇ ಹೇಳು. ಇವುಗಳ ಹತ್ರ ಅರ್ಧ ಹೇಳಿ ಅರ್ಧ ಮುಚ್ಚಿಡಬಾರ್ದು."

* * *

ಅಲೋಯ್ಸ್ ಮೂವತ್ತೊಂದು ವರ್ಷ ಸಣ್ಣ ಸ್ಟೇಷನ್ನಿನಲ್ಲಿ ರೈಲುಗಳಿಗೆ ಹಳಿ ಬದಲಿಸಿದವನು. ಮನೆಗೆ ಬಂದವನೇ ಕೈತೊಳೆದು ನೇರ ಕಿಟಕಿಗೆ ಹೋಗುತ್ತಿದ್ದ. ಹೆಂಡತಿಗೆ ಬೆನ್ನು ಕೊಟ್ಟು, ಕುಂಡಗಳ ಜೊತೆ ತಗ್ಗಿದ ದನಿಯಲ್ಲಿ ಏನೇನೋ ಹೇಳಿಕೊಳ್ಳುತ್ತಿದ್ದ. ಹತ್ತಿರ ಹೋದರೆ ನಿಲ್ಲಿಸುತ್ತಿದ್ದ. ಚಳಿಗಾಲದಲ್ಲಿ ಅವುಗಳಿಗೆ ಪೇಪರು ಹೊದಿಸುತ್ತಿದ್ದ. ನಿನಗೆ ಚಳಿಯೇ ಎಂದು ಯಿಟ್ಕಾಳನ್ನು ಒಮ್ಮೆಯೂ ಕೇಳಿದವನಲ್ಲ.

ಪ್ರತಿ ಕುಂಡದ ಅಂಚಿನಲ್ಲೂ, ಬಿಸಿಲು ಬರುವ ಕಡೆಗೆ, ಸುಟ್ಟ ಬೆಂಕಿಕಡ್ಡಿಯೊಂದನ್ನು ಗುರುತಿಗೆ ಚುಚ್ಚಿರುತ್ತಿದ್ದ. ಯಾಕೆಂದು ಒಮ್ಮೆ ಅವಳೇ ಕೇಳಿದ್ದಳು.

"ಬೆಳಕು ಆ ಕಡೆ ಅಂತ ನಂಬ್ಕೊಂಡಿರ್ತವೆ. ತಿರುಗಿಸಿದ್ರೆ ಪಾಪ, ಮೊದಲಿಂದ ಹುಡುಕ್ಬೇಕು."

ಆ ವರ್ಷ ಅವನು ಅವಳೊಡನೆ ಆಡಿದ ಅತಿ ಉದ್ದದ ಮಾತು ಅದು. ಮುಂದಿನ ಶನಿವಾರ ದೂಳು ಒರೆಸುವಾಗ ಅವಳು, ಅವನು ಬೀಜದಿಂದ ಬೆಳೆಸಿದ ಆ ಗಾಳಮುಳ್ಳಿನ ಕಳ್ಳಿಯ ಕುಂಡವನ್ನು ಅರ್ಧ ಸುತ್ತು ತಿರುಗಿಸಿ, ಕಡ್ಡಿ ಕಿತ್ತು ಮತ್ತೆ ಗಾಜಿನ ಕಡೆಗೇ ಚುಚ್ಚಿದಳು. ಅದರ ಮುಂದಿನ ಶನಿವಾರವೂ. ಒಂದು ದಿನದ ಸಿಟ್ಟು ಬರಬರುತ್ತ ಕಸ ಗುಡಿಸಿದಷ್ಟೇ ಸಹಜವಾಯಿತು. ಪ್ರತಿ ವಸಂತದಲ್ಲಿ ಅವನು ಕನ್ನಡಕ ಹಾಕಿಕೊಂಡು ಮೊಗ್ಗು ಹುಡುಕುತ್ತಿದ್ದ. ಮಣ್ಣನ್ನು ಬೈದ, ಮಣ್ಣು ಬದಲಿಸಿದ, ಆಮೇಲೆ ತನ್ನನ್ನೇ ಬೈದುಕೊಂಡ. ಅವಳು ಹಿಂದೆ ನಿಂತು ಬಟ್ಟೆ ಮಡಿಸುತ್ತಿದ್ದಳು.

ಅಕ್ಟೋಬರಿನಲ್ಲಿ ಅವನು ಮುಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದ. ಅವಳ ಕೈ ತಾನಾಗಿ ನಿಂತಿತು. ಜನವರಿಯಲ್ಲಿ ಕೆಂಪು ಚುಕ್ಕೆ ಕಂಡಾಗ ಓಡಿಬಂದು ಹೇಳಿದಳು. ಅವನು ಬಹಳ ಹೊತ್ತು ಅವಳ ಮುಖವನ್ನೇ ನೋಡಿದ.

"ಈ ವರ್ಷ ಯಾರೂ ಅದನ್ನ ಮುಟ್ಟಲಿಲ್ಲ ಅಂತ ಕಾಣತ್ತೆ," ಎಂದ.

* * *

ಬಾಗಿಲು ಹಾಕಿಕೊಂಡು ಯಿಟ್ಕಾ ಮೊಗ್ಗಿನತ್ತ ಬಾಗಿದಳು. ಯಜಮಾನರು ಹೋದರು ಎಂದಳು. ಇನ್ನು ನೀನು ನನ್ನ ಜೊತೆ ಇರಬೇಕು ಎಂದಳು. ಆ ಶನಿವಾರಗಳ ಮಾತೂ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಪಾದ್ರಿ ಬಂದರೆಂದು ಹೈನೆಕ್ ಕರೆದ. ಅದನ್ನು ನುಂಗಿಕೊಂಡು ಹೊರಗೆ ಬಂದಳು.

ಹೊತ್ತವರು, ಮನೆಗೆ ಅವನ ವಿದಾಯವೆಂದು, ಪೆಟ್ಟಿಗೆಯನ್ನು ಮೂರು ಸಲ ಹೊಸ್ತಿಲಿಗೆ ಮುಟ್ಟಿಸಿದರು. ಅವಳೇ ಬೀಗ ಹಾಕಿ ಕೀಲಿಯನ್ನು ಕೈಗವಸಿನೊಳಗೆ ಇಟ್ಟುಕೊಂಡಳು. ಸಮಾಧಿಯ ಬಳಿಯೂ, ಆಮೇಲೆ ಹೆಂಡದಂಗಡಿಯಲ್ಲಿಟ್ಟ ಸಾವಿನ ಊಟದಲ್ಲೂ ವ್ಲಾಸ್ತಾ ಒಂದು ಮಗ್ಗುಲು, ಹೈನೆಕ್ ಇನ್ನೊಂದು ಮಗ್ಗುಲು, ಅವಳನ್ನು ಬಿಟ್ಟು ಕದಲಲಿಲ್ಲ.

ನಾಲ್ಕು ಗಂಟೆಗೆ ಒಬ್ಬಳೇ ಮನೆಗೆ ಬಂದಳು. ಬೀಗ ಹಾಕಿದಂತೆಯೇ ಇತ್ತು. ಮಲಗುವ ಕೋಣೆಯಲ್ಲಿ ಹೂವು ಅರಳಿತ್ತು, ನಾಣ್ಯದಷ್ಟು ಅಗಲ, ಹಸಿ ಗಾಯದ ಬಣ್ಣ. ಗಾಜಿನ ಕಡೆಗೆ ಬರೀ ಮುಳ್ಳು. ಹೂವು ಕೋಣೆಯೊಳಗೆ, ನೇರ ಅವಳ ದಿಂಬಿನತ್ತ ಮುಖ ಮಾಡಿತ್ತು.

ಮುಟ್ಟಲು ಕೈ ಬರಲಿಲ್ಲ. ದಿಂಬನ್ನು ಎತ್ತಿಕೊಂಡು ಗಂಡನ ಮಗ್ಗುಲಿಗೆ ಹೋಗಿ, ಕೋಟು ಕಳಚದೆ, ಕಿಟಕಿಗೆ ಬೆನ್ನು ಮಾಡಿ ಮಲಗಿದಳು. ಹೊರಗೆ ಹಿಮದ ಮೇಲಿನ ಬೆಳಕು ನೀಲಿಗೆ ತಿರುಗುತ್ತಿತ್ತು. ಆಗ ಹಿಂದಿನಿಂದ, ಮಣ್ಣಿನ ಕುಂಡ ಕಿಟಕಿಕಟ್ಟೆಯ ಕಲ್ಲಿನ ಮೇಲೆ ಉಜ್ಜುತ್ತ ನಿಧಾನವಾಗಿ ತಿರುಗುವ ಸದ್ದು ಬಂತು. ಒಮ್ಮೆ ನಿಂತು, ಅವಳು ಎಲ್ಲಿದ್ದಾಳೆಂದು ಹುಡುಕುವಂತೆ, ಮತ್ತೆ ಸ್ವಲ್ಪ ತಿರುಗಿತು.