ಹೆಣದ ಪಾರ್ಟು

ಕೊಲೆಯಾಗುವುದಕ್ಕೆಂದು ರಾಧಾಮಣಿ ಆ ಭಾನುವಾರ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು.

ಅವಳ ಅಣ್ಣನ ಮಗ ಸುನೀಲ್‌ಕುಮಾರ್ ಗೆಳೆಯರನ್ನು ಕಟ್ಟಿಕೊಂಡು ದಿಬ್ಬೂರಹಳ್ಳಿಯಲ್ಲಿ ಯೂಟ್ಯೂಬಿಗೆ ಹಾಕುವ ಸಿನಿಮಾ ತೆಗೆಯುತ್ತಿದ್ದ. ಮುಖವಾಡದ ಕೊಲೆಗಾರನೊಬ್ಬ ಒಬ್ಬೊಬ್ಬರನ್ನಾಗಿ ಕೊಚ್ಚುತ್ತ ಹೋಗುವ ಇಂಗ್ಲಿಷ್ ಚಿತ್ರಗಳನ್ನು ನೋಡಿ ನೋಡಿ ಅವನಿಗೆ ಭಯ ಹೋಗಿ ನಗು ಬರತೊಡಗಿತ್ತಂತೆ. ಅಂಥ ಚಿತ್ರದಲ್ಲಿ "ನಾನೊಬ್ಬಳೇ ಹೋಗಿ ನೋಡ್ಕೊಂಡು ಬರ್ತೀನಿ" ಎಂದವಳು ಬದುಕುವುದಿಲ್ಲ. ಓಡುವವಳು ಎಡವಿ ಬೀಳಲೇಬೇಕು, ಕೊಲೆಗಾರ ನಿಧಾನವಾಗಿ ನಡೆದೇ ಬಂದು ಅವಳನ್ನು ಹಿಡಿಯಲೇಬೇಕು. ಇದನ್ನೆಲ್ಲ ಆಡಿಕೊಂಡು ನಗಿಸುವ ಸಿನಿಮಾ ಇದು. ಇಲ್ಲಿ ಕೊಲೆಗಾರನಾದ ಬಯ್ಯಪ್ಪ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲು ಹಿಡಿದು ಬರುತ್ತಾನೆ, ಕೆಸರು ಕಂಡರೆ ಬೂಟು ಕೊಳೆಯಾದೀತೆಂದು ಸುತ್ತು ಹಾಕುತ್ತಾನೆ. ಯಾರಾದರೂ "ಕಾಪಾಡಿ" ಎಂದು ಕಿರುಚಿದರೆ ಊರಿನವರು ತಿರುಗಿಯೂ ನೋಡದೆ "ಊಟ ಆಯ್ತಾ?" ಎನ್ನಬೇಕು. ಸಿನಿಮಾದ ನಗುವೆಲ್ಲ ಆ ಒಂದು ಮಾತಿನಲ್ಲೇ ಇದೆ ಎಂದು ಸುನೀಲ ಬೀದಿಯ ಜನವನ್ನೆಲ್ಲ ಕೂರಿಸಿ ಅದನ್ನು ಬಾಯಿಪಾಠ ಮಾಡಿಸಿದ್ದ.

ರಾಧಾಮಣಿಯದು ಎಲ್ಲರಿಗಿಂತ ಮೊದಲು ಸಾಯುವ ಪಾರ್ಟು. ಕೇಳಿದಾಗ ಅವಳಿಗೆ ಖುಷಿಯೇ ಆಯಿತು. ಗಂಡ ವೇಣುಗೋಪಾಲ್ ಕೆಟ್ಟವನಲ್ಲ, ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಆದರೆ ಮದುವೆಯಾದಾಗಿನಿಂದ ಅವಳನ್ನು ಕರೆದದ್ದೆಲ್ಲ "ಏಯ್, ಇಲ್ನೋಡು" ಎಂದೇ. ಕೊಟ್ಟಿಗೆಯ ಸೀಮೆಹಸುವನ್ನು ಮಾತ್ರ "ಗೌರೀ" ಎಂದು ಬಾಯಿ ತುಂಬ ಕರೆಯುತ್ತಿದ್ದ. ಹಸುವಿನ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು, ಆದರೂ ಪಡುತ್ತಿದ್ದಳು. ಸುನೀಲನೋ "ಟೈಟಲ್‌ನಲ್ಲಿ ನಿಮ್ಮ ಹೆಸ್ರು ದೊಡ್ಡದಾಗಿ ಹಾಕ್ತೀನಿ ಅತ್ತೆ" ಎಂದುಬಿಟ್ಟಿದ್ದ.

ಶೂಟಿಂಗ್ ನಡೆದದ್ದು ರಾಧಾಮಣಿಯವರದೇ ಹುಳು ಮನೆಯಲ್ಲಿ, ರೇಷ್ಮೆಹುಳ ಸಾಕುವ ಕಟ್ಟಡದಲ್ಲಿ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿಯಾಗಿತ್ತು, ಮನೆ ಖಾಲಿ ಬಿದ್ದಿತ್ತು. ಮುಂದಿನ ಬೆಳೆಗೆ ಹುಳ ತರುವ ಮೊದಲು ರೋಗ ಉಳಿಯದಂತೆ ಒಳಗೆಲ್ಲ ಫಾರ್ಮಲಿನ್ ಎಂಬ ಘಾಟಿನ ಔಷಧಿ ಹೊಡೆದು, ಬಾಗಿಲಿನ ಸಂದಿಗೂ ಕಾಗದ ಅಂಟಿಸಿ, ಒಂದಿಡೀ ದಿನ ಮುಚ್ಚಿಡುವುದು ಪದ್ಧತಿ. "ಊಟದ ಹೊತ್ಗೆ ಎಲ್ಲಾ ಆಚೆ ಬಂದ್ಬಿಡ್ಬೇಕು ಕಣಪ್ಪ, ನಾನು ಔಷ್ದಿ ಹೊಡೀಬೇಕು" ಎಂದು ಹೇಳಿಯೇ ವೇಣುಗೋಪಾಲ್ ಕೀ ಕೊಟ್ಟಿದ್ದ. ಔಷಧಿ ಹೊಡೆಯುವಾಗ ಹಾಕುವ ಅವನ ಮುಖವಾಡ, ರೈನ್‌ಕೋಟು, ಬೂಟುಗಳೇ ಬಯ್ಯಪ್ಪನಿಗೆ ಕೊಲೆಗಾರನ ವೇಷವಾಗಿದ್ದವು.

ಹುಡುಗರು ಕಿಟಕಿಗಳಿಗೆ ತಾರ್ಪಾಲು ಕಟ್ಟಿ ಹಗಲನ್ನು ಕತ್ತಲೆ ಮಾಡಿದರು. ಮೂಲೆಯಲ್ಲಿ ಚಂದ್ರಿಕೆಗಳು, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗಳು, ಗೋಡೆಗೆ ಒರಗಿದ್ದವು. ಅವುಗಳ ಹಿಂದೆ ರಾಧಾಮಣಿಯನ್ನು ಮಲಗಿಸಿ, ಮುಖಕ್ಕೆ ಬೀಟ್‌ರೂಟ್ ರಸದಲ್ಲಿ ಅದ್ದಿದ ಗೋಣಿಚೀಲ ಹೊದಿಸಿ, ಒಂದು ಕಾಲು ಮಾತ್ರ ಹೊರಗೆ ಕಾಣುವಂತೆ ಇಟ್ಟರು. ಮೊದಲ ಸಲ ಹೆಣ ಸೀನಿತು. ಮತ್ತೊಂದು ಸಲ ನೊಣ ಕೂತು ಹೆಣ ಕಾಲು ಕೊಡವಿತು.

"ಅತ್ತೆ, ಹೆಣ ಅಲ್ಲಾಡ್ಬಾರ್ದು" ಎಂದ ಸುನೀಲ ಬೇಸರದಲ್ಲಿ. ಅಷ್ಟರಲ್ಲಿ ಕ್ಯಾಮೆರಾದ ಬ್ಯಾಟರಿ ಹೋಯಿತು. "ಹಂಗೇ ಇರಿ, ಬ್ಯಾಟ್ರಿ ತರ್ತೀನಿ. ಒಂಚೂರು ಅಲ್ಲಾಡಿದ್ರೂ ಕಂಟಿನ್ಯೂಯಿಟಿ ಹೋಗ್ಬಿಡುತ್ತೆ. ನಾನು ಕಟ್ ಅನ್ನೋವರ್ಗೂ ಸತ್ತೇ ಇರ್ಬೇಕು."

ಹೊರಗೆ ಹೊಂಗೆಮರದ ಕೆಳಗೆ ಮುದ್ದೆ, ಸೊಪ್ಪಿನ ಸಾರು ಕಾಯುತ್ತಿತ್ತು. ಬಯ್ಯಪ್ಪ ಆಗಲೇ ವೇಷ ಬಿಚ್ಚಿಟ್ಟು ಬೀದಿಯವರ ಜೊತೆ ತಟ್ಟೆ ಮುಂದೆ ಕೂತಿದ್ದ. ಸಾರಿನ ವಾಸನೆಗೆ ಸುನೀಲ ಬ್ಯಾಟರಿಯನ್ನೂ ಮರೆತ, ಅತ್ತೆಯನ್ನೂ ಮರೆತ.

ರಾಧಾಮಣಿ ಮಾತ್ರ ಛಲ ಹಿಡಿದು ಸತ್ತಿದ್ದಳು. ಕೊನೆಗೆ ಬೂಟಿನ ಸದ್ದು ಕೇಳಿಸಿತು, ನಿಧಾನವಾಗಿ. ಬಯ್ಯಪ್ಪ ಬಂದ, ಕ್ಯಾಮೆರಾ ಶುರುವಾಗಿದೆ ಎಂದುಕೊಂಡಳು. ಬುಸ್ ಬುಸ್ ಎಂಬ ಶಬ್ದ ಬಂತು. ಹೊಗೆ ಬಿಡುತ್ತೇನೆಂದು ಸುನೀಲ ಹೇಳಿದ್ದ, ಅದೇ ಇರಬೇಕು. ಬೂಟುಗಳು ಅವಳ ಕಾಲ ಬಳಿ ನಿಂತವು. ಅವಳು ಉಸಿರು ಬಿಗಿಹಿಡಿದಳು, ಹೆಬ್ಬೆರಳನ್ನೂ ಅಲ್ಲಾಡಿಸಲಿಲ್ಲ. ಇಷ್ಟು ಚೆನ್ನಾಗಿ ಈ ಊರಿನಲ್ಲಿ ಯಾರೂ ಸತ್ತಿರಲಾರರು ಎಂದು ಹೆಮ್ಮೆಯೂ ಆಯಿತು. ಬೂಟುಗಳು ದೂರ ಹೋದವು, ಬಾಗಿಲು ಮುಚ್ಚಿತು, ಚಿಲಕ ಬಿತ್ತು.

ಆಮೇಲೆ ಉಸಿರೆಳೆದಳು. ಬೀಟ್‌ರೂಟಿನ ವಾಸನೆಯನ್ನು ಸೀಳಿಕೊಂಡು ಬಂದ ಘಾಟು ಮೂಗಿನಿಂದ ನೆತ್ತಿಗೆ ಹತ್ತಿತು. ಪ್ರತಿ ಬೆಳೆಗೂ ದೂರದಿಂದ ಮೂಗಿಗೆ ಬಡಿದು ಗೊತ್ತಿದ್ದ ಘಾಟು ಅದು. ಬಂದದ್ದು ಬಯ್ಯಪ್ಪನಲ್ಲ, ತನ್ನ ಗಂಡ.

ಗೋಣಿ ಕಿತ್ತೆಸೆದು ಎದ್ದಳು. ಕಣ್ಣು ಬಿಡಲಾಗಲಿಲ್ಲ, ಖಾರದ ಪುಡಿ ಎರಚಿದಂತೆ ಉರಿಯುತ್ತಿತ್ತು. ತಡವರಿಸುತ್ತ ಕಿಟಕಿಗೆ ಹೋದರೆ ಕಬ್ಬಿಣದ ಜಾಲರಿ, ಅದರಾಚೆ ತಾರ್ಪಾಲು. ಹುಳವನ್ನು ಕೊಲ್ಲುವ ಊಜಿ ನೊಣವೂ ನುಸುಳದಂತೆ ಕಟ್ಟಿಸಿದ ಮನೆ ಅದು, ಹೆಂಗಸು ಎಲ್ಲಿಂದ ನುಸುಳುತ್ತಾಳೆ? ಬಾಗಿಲಿಗೆ ಬಿದ್ದು ಎರಡೂ ಕೈಯಿಂದ ಬಡಿದಳು.

"ಕಾಪಾಡಿ! ಯಾರಾದ್ರೂ ಬನ್ರೋ!"

ಹೊಂಗೆಮರದ ಕಡೆಯಿಂದ ಉತ್ತರ ಬಂತು, ಹತ್ತಾರು ಗಂಟಲು ಒಟ್ಟಾಗಿ: "ಊಟ ಆಯ್ತಾ?"

ಆಮೇಲೆ ಹೋ ಎಂದು ನಗು.

"ಸಾಯ್ತಾ ಇದೀನಿ, ನಿಜವಾಗ್ಲೂ!"

"ಏಮ್ಮಾ, ಎಷ್ಟು ಚೆಂದ ಕಿರುಚ್ತಾಳೆ ನೋಡ್ರಿ" ಎಂದಳು ಪಕ್ಕದ ಮನೆಯ ಅಮ್ಮಾಜಮ್ಮ, ಮುದ್ದೆ ಮುರಿಯುತ್ತ. "ಊಟ ಆಯ್ತೇನಮ್ಮಾ?"

ಗಂಡ ಆಗಲೇ ಸಂದಿಗೆ ಕಾಗದ ಅಂಟಿಸಿ, ಕೈಕಾಲು ತೊಳೆಯಲು ತೋಟದಾಚೆಯ ಪಂಪ್‌ಹೌಸಿಗೆ ಹೋಗಿಬಿಟ್ಟಿದ್ದ. ರಾಧಾಮಣಿ ಬಾಗಿಲ ಬುಡದಲ್ಲಿ ಕುಸಿದು ಸಂದಿಗೆ ಮೂಗಿಟ್ಟಳು. ಅಲ್ಲಿಯೂ ಕಾಗದ, ಒದ್ದೆ ಅಂಟಿನ ವಾಸನೆ. ಎದೆ ಕಟ್ಟುತ್ತಿತ್ತು. ನಿಜ ಹೇಳಿದರೂ ಪಾರ್ಟು, ಅತ್ತರೂ ಪಾರ್ಟು. ಸಾಯುವುದಕ್ಕಿಂತ ಹೀಗೆ ನಗಿಸುತ್ತ ಸಾಯುವುದು ಅವಳಿಗೆ ಹೆಚ್ಚು ಸಂಕಟವಾಯಿತು. ಕಾಪಾಡಿ ಎಂದರೆ ಬಾರದ ಜನ ಏನೆಂದರೆ ಬರುತ್ತಾರೆ?

ಗೊತ್ತಿತ್ತು ಅವಳಿಗೆ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಗೊತ್ತು. ಹುಳ ಹಣ್ಣಾದರೆ, ಅಂದರೆ ಗೂಡು ಕಟ್ಟುವ ಹದಕ್ಕೆ ಬಂದರೆ, ಕಾಯುವುದಿಲ್ಲ, ಕೂಡಲೇ ಆರಿಸಿ ಚಂದ್ರಿಕೆಗೆ ಬಿಡಬೇಕು, ಇಲ್ಲವಾದರೆ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಬೆಳೆಯೇ ಹಾಳು. ಅದಕ್ಕೇ ಒಂದು ಮನೆಯಲ್ಲಿ ಕೂಗೆದ್ದರೆ ಜಗಳವಾಡಿ ಮಾತು ಬಿಟ್ಟವರೂ ಓಡಿ ಬರುತ್ತಾರೆ. ಉಳಿದಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು.

"ಹುಳ ಹಣ್ಣಾಗವೆ! ಬನ್ರೋ, ಹುಳ ಹಣ್ಣಾಗವೆ!"

ಮರದ ಕೆಳಗೆ ನಗು ನಿಂತಿತು. ತಟ್ಟೆಗಳು ಉರುಳಿದ ಸದ್ದು, ಕಾಲುಗಳ ಸದ್ದು. ಬಾಗಿಲವರೆಗೂ ಬಂದವರು ಅಲ್ಲಿ ನಿಂತರು. "ಮುದ್ದೆ ಕೈಲಿ ಹುಳ ಮುಟ್ಬೇಡ್ರೋ, ಕೈ ತೊಳ್ಕೊಳ್ರೋ" ಎಂದು ಅಮ್ಮಾಜಮ್ಮ ಗದರುವುದು ಕೇಳಿಸಿತು. ರಾಧಾಮಣಿ ಒಳಗೆ ಸಾಯುತ್ತಿದ್ದಾಗ ಊರು ಹೊರಗೆ ಸಾಲಾಗಿ ಕೈ ತೊಳೆಯಿತು. ಆಮೇಲೆ ಕಾಗದ ಹರಿಯಿತು, ಚಿಲಕ ಸರಿಯಿತು, ಬೆಳಕು ಬಿತ್ತು. ಅವಳು ಅಮ್ಮಾಜಮ್ಮನ ಒದ್ದೆ ಕೈಗಳ ಮೇಲೆ ಬಿದ್ದಳು.

ಘಾಟಿಗೆ ಎಲ್ಲರೂ ಕೆಮ್ಮುತ್ತಿರುವಾಗಲೇ ವೇಣುಗೋಪಾಲ್ ತೋಟದಿಂದ ಓಡಿ ಬಂದ. ಮುಖವಾಡ ಇನ್ನೂ ಹಣೆಯ ಮೇಲಿತ್ತು.

"ಯಾರ ಮನೇಲಿ?"

"ನಿಮ್ಮನೇಲಪ್ಪ" ಎಂದ ಬಯ್ಯಪ್ಪ.

"ನಮ್ಮನೇಲಿ ಹುಳಾನೇ ಇಲ್ವಲ್ಲೋ" ಎಂದವನು ನೆಲದ ಮೇಲೆ ಕೂತವಳನ್ನು ಕಂಡ. ಬಿಂದಿಗೆ ತಂದು ಅವಳ ಕಣ್ಣಿಗೆ ನೀರು ಹೊಯ್ಯತೊಡಗಿದ. ಸುನೀಲ ಮೆಲ್ಲಗೆ ಹತ್ತಿರ ಬಂದು "ಅತ್ತೆ, ಆ ಕೂಗು ಸೂಪರ್ ಆಗಿತ್ತು, ರೆಕಾರ್ಡ್ ಆಗ್ಲಿಲ್ಲ" ಎನ್ನುವಷ್ಟರಲ್ಲಿ ಅಮ್ಮಾಜಮ್ಮ ಅವನ ತಲೆಗೊಂದು ಮೊಟಕಿದಳು.

ಕಣ್ಣು ಸ್ವಲ್ಪ ಬಿಡುವಂತಾದಾಗ ರಾಧಾಮಣಿ ಗಂಡನನ್ನು ಕೇಳಿದಳು: "ನನ್ನ ಕಾಲು ಕಾಣ್ಲಿಲ್ವಾ?"

"ಕಾಣ್ತು" ಎಂದ ಅವನು. "ಬೊಂಬೆ ಅಂದ್ಕೊಂಡೆ. ಕಾಲುಂಗುರಾನೂ ಇಕ್ಕವ್ರಲ್ಲ ಹುಡುಗ್ರು, ಭೇಷ್ ಅಂದ್ಕೊಂಡೆ."

"ಆ ಉಂಗುರ ಇಕ್ಕಿದೋರು ನೀವೇ, ಧಾರೆ ದಿನ."

ಬಿಂದಿಗೆ ಖಾಲಿಯಾಗಿತ್ತು, ಅವನು ಮತ್ತೆ ತುಂಬಿಸಿಕೊಂಡು ಬರಲು ಎದ್ದು ಹೋದ.

ಸಿನಿಮಾ ಮುಗಿಯಿತು. ಅದರಲ್ಲಿ ಅವಳ ಹೆಸರು ದೊಡ್ಡದಾಗಿಯೇ ಬಂತು. ಮುಂದಿನ ಬೆಳೆಯ ಗೂಡೂ ಬಿಡಿಸಿ ಆಯಿತು, ಮತ್ತೆ ಔಷಧಿ ಹೊಡೆಯುವ ದಿನ ಬಂತು. ರಾಧಾಮಣಿ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ವೇಣುಗೋಪಾಲ್ ಡ್ರಮ್ಮು ಹೊತ್ತು ಹುಳು ಮನೆಯ ಬಾಗಿಲಲ್ಲಿ ನಿಂತ. ಮುಖವಾಡ ಎಳೆದುಕೊಳ್ಳುವ ಮೊದಲು ಖಾಲಿ ಮನೆಯೊಳಗೆ ತಲೆ ಹಾಕಿ, ಅಭ್ಯಾಸವಿಲ್ಲದ ಗಂಟಲಿನಲ್ಲಿ ಕರೆದ.

"ರಾಧಾಮಣೀ."

ಇಲ್ಲೇ ಇದೀನಿ ಎನ್ನಲು ಅವಳು ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡಳು. ಹೆಣ ಅಲ್ಲಾಡಬಾರದು ಎಂದು ಕಲಿತದ್ದು ಈಗ ಉಪಯೋಗಕ್ಕೆ ಬಂತು. ಅವನು ಇನ್ನೊಂದು ಸಲ ಕರೆಯುವವರೆಗೂ ಉಸಿರು ಹಿಡಿದು ಕೂತಳು.