ಸರ್ವೋತ್ತಮರ ಕೆಂಗಣ್ಣ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಉಡುಪಿಯವರಿಗೆಲ್ಲ ಸರ್ವೋತ್ತಮರ ಮೀನು ಗೊತ್ತಿತ್ತು. ಲಿಫ್ಟ್ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿದ್ದ ಅವರು ಹೋದ ವರ್ಷ ತರಬೇತಿಗೆಂದು ಅಮೆರಿಕದ ಜಾರ್ಜಿಯಾಕ್ಕೆ ಹೋಗಿದ್ದರು. ಅಲ್ಲಿಯ ಸಹೋದ್ಯೋಗಿ ಕ್ಲೇಟನ್ ರಜೆಯ ದಿನ ಅವರನ್ನು ಒಂದು ಸಣ್ಣ ಹೊಳೆಗೆ ಕರೆದೊಯ್ದ. ಮೊಣಕಾಲುದ್ದದ ನೀರಿನಲ್ಲಿ ನಿಲ್ಲಿಸಿ, ಕೈಗೆ ಗಾಳ ಕೊಟ್ಟು, ಆ ಸೀಮೆಯದೇ ಆದ ರೆಡ್‌ಐ ಬಾಸ್ ಎಂಬ ಮೀನನ್ನು ಹಿಡಿಸಿದ. ಹಿಡಿದದ್ದನ್ನು ಹಾಗೇ ನೀರಿಗೆ ಬಿಡಿಸಿದ.

ಸರ್ವೋತ್ತಮರು ಅದಕ್ಕೆ ಕೆಂಗಣ್ಣ ಎಂದು ಹೆಸರಿಟ್ಟುಕೊಂಡೇ ವಾಪಸಾದರು.

"ಅಷ್ಟು ದೂರ ಹೋಗಿ ಹಿಡಿದದ್ದನ್ನು ಬಿಟ್ಟು ಬಂದದ್ದಾ? ತಲೆ ಸರಿ ಉಂಟಾ ನಿಮಗೆ?" ಎಂದು ಹೆಂಡತಿ ಹರಿಣಾಕ್ಷಿ ಬಿದ್ದು ಬಿದ್ದು ನಕ್ಕಳು. ಮೀನು ಗೇಣುದ್ದ ಎಂದರೆ ಇನ್ನಷ್ಟು ನಗುತ್ತಾಳೆಂದು ಸರ್ವೋತ್ತಮರು ಮೊಳದುದ್ದ ಎಂದರು. ಗೆಳೆಯರಿಗೆ ಹೇಳುವಾಗ ಅದು ತೊಡೆಯವರೆಗೆ ಬಂತು. ಊರಿನವರ ಸಂಘದ ಪಿಕ್‌ನಿಕ್ಕಿನ ಹೊತ್ತಿಗೆ ಸೊಂಟ ಮುಟ್ಟಿತು.

ಅಷ್ಟರಲ್ಲಿ ಕ್ಲೇಟನ್ನೇ ಮೀಟಿಂಗಿಗೆಂದು ಅಬುಧಾಬಿಗೆ ಬಂದ. ಹರಿಣಾಕ್ಷಿ ಬಿಡುತ್ತಾಳೆಯೇ? ಊಟಕ್ಕೆ ಕರೆದಳು. ಸುದ್ದಿ ಕೇಳಿ ದುಬೈಯ ಕರಾಮದಿಂದ ಗೆಳೆಯ ಮೂಸಬ್ಬನೂ ಬಸ್ಸು ಹತ್ತಿ ಬಂದ.

ಮನೆಗೆ ಕರೆತರುವ ದಾರಿಯಲ್ಲಿ ಸರ್ವೋತ್ತಮರು ಅತಿಥಿಗೆ ಮೆಲ್ಲಗೆ ಹೇಳಿದರು, "ಕ್ಲೇಟನ್, ಮನೆಯಲ್ಲಿ ಮೀನು ಸ್ವಲ್ಪ ಬೆಳೆದಿದೆ."

"ಅರ್ಥವಾಯಿತು," ಎಂದು ಕ್ಲೇಟನ್ ಕಣ್ಣು ಮಿಟುಕಿಸಿದ. "ನನಗೆ ಬಿಡಿ."

ಊಟಕ್ಕೆ ಕೂತದ್ದೇ ಮೂಸಬ್ಬ ಶುರುಮಾಡಿದ. "ಅಲ್ಲ ಮಾರಾಯ್ರೆ, ಹೊಳೆ ಮೊಣಕಾಲಿಗೆ, ಮೀನು ಸೊಂಟಕ್ಕೆ. ಅದು ಈಜುವುದಾ, ನಡೆಯುವುದಾ?"

ಮಗಳು ಭವ್ಯಶ್ರೀ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಕ್ಲೇಟನ್ ಗಂಭೀರವಾಗಿ ಎದ್ದು ನಿಂತು ಕೈ ಚಾಚಿದ. "ಸೊಂಟವಾ? ಸರ್ವೋತ್ತಮ ನಾಚಿಕೆ ಸ್ವಭಾವದವರು. ಇಲ್ಲಿಂದ ಆ ಫ್ರಿಜ್ಜಿನವರೆಗೆ ಇತ್ತು!"

ಸರ್ವೋತ್ತಮರ ಮುಖ ಅರಳಿತು.

"ಇಬ್ಬರೂ ಸೇರಿ ಎಳೆದೆವು," ಎಂದು ಕ್ಲೇಟನ್ ಮುಂದುವರಿಸಿದ. " ಗರಗಸದಂಥ ಹಲ್ಲು! ನಮ್ಮ ದೋಣಿ ಮಗುಚುವುದರಲ್ಲಿತ್ತು."

ಅರಳಿದ ಮುಖ ಬಾಡಿತು. ಗರಗಸ? ದೋಣಿ? ತಾನು ಕಂಡ ಆ ಪುಟ್ಟ ಜೀವವನ್ನು ಯಾರೋ ಮೊಸಳೆ ಮಾಡುತ್ತಿದ್ದಾರೆ ಅನ್ನಿಸಿತು. ಕ್ಲೇಟನ್ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಸರ್ವೋತ್ತಮರು ಮೇಜು ಗುದ್ದಿದರು.

"ಖಲಾಸ್, ಸಾಕು! ಆ ಹೊಳೆಯಲ್ಲಿ ದೋಣಿ ಎಲ್ಲಿಂದ ಹೋಗುತ್ತದೆ? ಕೆಂಗಣ್ಣ ಇರುವುದೇ ಗೇಣುದ್ದ! ಅದೇ ಅದರ ಗತ್ತು!"



"ಅಪ್ಪಾ, ಯು ಟೋಲ್ಡ್ ಎವ್ರಿಬಡಿ..." ಎಂದಳು ಭವ್ಯಶ್ರೀ.

"ಸುಳ್ಳು ಹೇಳಿದೆ," ಎಂದರು ಸರ್ವೋತ್ತಮರು. ಆಮೇಲೆ ತಡೆಯಲಾರದೆ ನಿಜವನ್ನೇ ಹೇಳತೊಡಗಿದರು. ಬಂಡೆಯ ಸಂದಿನಿಂದ ಅದು ಬಾಣದಂತೆ ಬಂದದ್ದು, ಅಂಗೈಯಲ್ಲಿ ತಣ್ಣಗೆ ಮಿಡಿದದ್ದು, ಕುಂಕುಮದಂಥ ಕಣ್ಣು, ಬಾಲದ ತುದಿಯ ಬಿಳಿ ಅಂಚು. "ಹತ್ತು ಹೆಜ್ಜೆ ಅಗಲದ ಹೊಳೆ. ಅದರ ಲೋಕವೇ ಅಷ್ಟು. ಆದರೂ ನನ್ನನ್ನು ಯಾವ ಧೈರ್ಯದಲ್ಲಿ ಎಳೆಯಿತು ಗೊತ್ತುಂಟಾ?"

"ಇದನ್ನೇ ಮೊದಲು ಹೇಳಬಾರದಿತ್ತಾ?" ಎಂದಳು ಹರಿಣಾಕ್ಷಿ.

"ನೀನು ನಗ್ತಿದ್ದೆ."

"ಈಗಲೂ ನಗ್ತೇನೆ," ಎಂದು ಅವಳು ನಕ್ಕೇಬಿಟ್ಟಳು. ಸರ್ವೋತ್ತಮರಿಗೂ ನಗು ಬಂತು.

ಮೂಸಬ್ಬ ಮಾತ್ರ ನಗಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಬಾಲಕ್ಕೆ ಬಿಳಿ ಅಂಚು ಅಂದ್ರಲ್ಲ, ಮೇಲೆಯಾ, ಕೆಳಗೆಯಾ?"

"ಎರಡೂ ಕಡೆ," ಎಂದು ಸರ್ವೋತ್ತಮರು ಹುರುಪಿನಿಂದ ಮತ್ತೆ ಮೊದಲಿನಿಂದ ಶುರುಮಾಡಿದರು. ಕನ್ನಡ ಅರ್ಥವಾಗದ ಕ್ಲೇಟನ್, ಯಾರೂ ತನ್ನತ್ತ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಅಂಜಲ್ ಮೀನಿನ ಫ್ರೈಯನ್ನು ತನ್ನ ಕಡೆಗೆ ಎಳೆದುಕೊಂಡ.