ತೊರೆಯಲ್ಲಿ ನಿಂತ ಬಟ್ಟಲು

ಗೆಂಗ್ ಬೋ ಕಾಲುವೆಗಳ ಅಧಿಕಾರಿ. ನೀರಿನ ಇಳಿಜಾರನ್ನು ಲೆಕ್ಕ ಹಾಕುವುದರಲ್ಲಿ ಅವನಿಗೆ ಪ್ರಾಂತ್ಯದಲ್ಲಿ ಸಮಾನರಿರಲಿಲ್ಲ. ಆದರೆ ಜನ ಹೊಗಳುತ್ತಿದ್ದುದು ಫೂ ಲಿನ್‌ನನ್ನು. ಫೂ ಲಿನ್ ನ್ಯಾಯಾಧಿಕಾರಿ, ಕವಿ. ಅವನು ಕೆಮ್ಮಿದರೂ ಪದ್ಯವೆನ್ನುವವರಿದ್ದರು. ಗೆಂಗ್‌ನ ಹೆಂಡತಿಯೇ ಹಿಟ್ಟು ನಾದುವಾಗ ಫೂ ಲಿನ್‌ನ ಸಾಲುಗಳನ್ನು ಗುನುಗುತ್ತಿದ್ದಳು. ಅಂಥ ದಿನ ಗೆಂಗ್‌ಗೆ ಊಟ ಇಳಿಯುತ್ತಿರಲಿಲ್ಲ.

ಆ ವಸಂತದಲ್ಲಿ ಇಬ್ಬರಲ್ಲಿ ಒಬ್ಬನನ್ನು ರಾಜಧಾನಿಗೆ, ಮಂತ್ರಿಪದವಿಗೆ, ಕಳುಹಿಸಬೇಕಿತ್ತು. ತೊರೆಯ ಕೂಟದಲ್ಲಿ ನಿರ್ಧರಿಸುವೆನೆಂದು ಪ್ರಾಂತಾಧಿಪತಿ ತಿಳಿಸಿದ್ದ. ಆ ಕೂಟದಲ್ಲಿ ಮದ್ಯದ ಬಟ್ಟಲನ್ನು ಮೇಲಿನಿಂದ ತೇಲಿಬಿಡುವರು. ಅದು ಯಾರ ಮುಂದೆ ನಿಲ್ಲುವುದೋ ಅವನು ಹೊಸ ಪದ್ಯ ಹೇಳಬೇಕು, ಇಲ್ಲವೇ ದಂಡವಾಗಿ ಕುಡಿಯಬೇಕು.

ಯಾರೂ ಬರುವ ಮೊದಲೇ ಗೆಂಗ್ ತೊರೆಗಿಳಿದು ಕಲ್ಲುಗಳನ್ನು ಸರಿಸಿದ. ಫೂ ಲಿನ್‌ನ ಆಸನದ ಮುಂದೆ ನೀರು ನೇರವಾಗಿ ಓಡಿತು. ತನ್ನ ಆಸನದ ಮುಂದೆ ಸುಳಿದು ನಿಂತಿತು. ಚಳಿಗಾಲವಿಡೀ ತಿದ್ದಿದ ಪದ್ಯವೊಂದು ಅವನ ನಾಲಿಗೆಯ ಮೇಲಿತ್ತು.

ಮೊದಲ ಬಟ್ಟಲು ಅವನೆದುರು ನಿಂತಿತು. ಪದ್ಯ ಹೇಳಿದ, ಎಲ್ಲರೂ ತಲೆದೂಗಿದರು. ಮುಂದಿನದೂ ಅಲ್ಲಿಯೇ ನಿಂತಿತು. ಅದರ ಮುಂದಿನದೂ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಪದ್ಯ ಮಾತ್ರ ಒಂದೇ ಇತ್ತು.

"ಏನ್ ಗೆಂಗಣ್ಣ, ಬಟ್ಟಲಿಗೆ ನಿನ್ ಮೇಲೇ ಮನಸ್ಸಾದಂಗಿದೆ," ಎಂದ ಪಕ್ಕದವನು. "ಹೇಳು, ಇನ್ನೊಂದು."

"ಗಂಟಲು ಕಟ್ಟಿದೆ."

"ಹಾಗಾದ್ರೆ ಕುಡಿ. ಬಿಟ್ಕೊಳುತ್ತೆ."

ಗೆಂಗ್ ಕುಡಿದ, ಮತ್ತೆ ಕುಡಿದ. ಫೂ ಲಿನ್ ಸುಮ್ಮನೆ ತೊರೆಯನ್ನು ನೋಡುತ್ತಿದ್ದ. ಒಂದು ಕಲ್ಲು ಮಗುಚಿ ಅದರ ಪಾಚಿ ಕೆಳಮುಖವಾಗಿತ್ತು. ಗೆಂಗ್‌ನ ಉಗುರಿನಲ್ಲಿ ಕೆಸರಿತ್ತು.

"ನಿಮ್ಮ ಹತ್ರ ಬಟ್ಟಲೇ ಬರಲಿಲ್ವಲ್ರೀ, ಫೂ," ಎಂದ ಅಧಿಪತಿ.

"ಒಳ್ಳೇದೇ ಆಯ್ತು ಪ್ರಭು, ನೀರು ನೋಡ್ತಾ ಕೂತೆ. ಯಾರೋ ಇದನ್ನ ಬೇಕಾದ ಕಡೆ ತಿರುಗಿಸಿದ್ದಾರೆ. ಹಳದಿ ನದೀಲಿ ವರ್ಷಾವರ್ಷ ಒಡ್ಡು ಒಡೆದು ಊರುಗಳು ಮುಳುಗ್ತಿವೆ. ಅವರನ್ನ ಅಲ್ಲಿಗೆ ಕಳಿಸಿ."

"ಯಾರವರು?"

ಫೂ ಲಿನ್ ತೊರೆಯತ್ತ ನೋಡಿದ. ಇನ್ನೊಂದು ಬಟ್ಟಲು ತೇಲಿ ಬಂದು ಗೆಂಗ್‌ನ ಮುಂದೆ ನಿಂತಿತು. ಅಧಿಪತಿ ಅದನ್ನು ನೋಡಿದ, ಗೆಂಗ್‌ನನ್ನು ನೋಡಿದ.

ಫೂ ಲಿನ್ ರಾಜಧಾನಿಗೆ ಹೋದ. ಗೆಂಗ್ ನದಿಗೆ ಹೋದ. ಅವನು ಕಟ್ಟಿಸಿದ ಒಡ್ಡುಗಳು ಒಡೆಯಲಿಲ್ಲ. ಕೆಲವು ವರ್ಷಗಳ ಬಳಿಕ, ಮಣ್ಣು ಹೊರುವವರು ಹಾಡುತ್ತಿದ್ದ ಹೊಸ ಹಾಡೊಂದರಲ್ಲಿ ತನ್ನ ಹೆಸರು ಕೇಳಿ ಗೆಂಗ್ ನಿಂತ. ನದಿಯನ್ನು ಪಳಗಿಸಿದ ಗೆಂಗ್ ಬೋ ಎಂದಿತ್ತು. ಬಹುಕಾಲದ ಮೇಲೆ ಅವನ ಮುಖ ಅರಳಿತು.

"ಚೆನ್ನಾಗಿದೆ. ಯಾರಯ್ಯ ಕಟ್ಟಿದ್ದು?"

"ಮಂತ್ರಿ ಫೂ ಲಿನ್ ಅವರು, ಧಣಿ. ಅವರನ್ನ ಬಿಟ್ರೆ ಇನ್ಯಾರು ಹೀಗೆ ಕಟ್ಟಿಯಾರು?"

ಗೆಂಗ್ ಆ ದಿನವೂ ಉಣ್ಣಲಿಲ್ಲ.